ಬಾಯಿಂದ ಹೊರಟ ಮಾತು ಕೈಗೆ ಇಳಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಂತಾಮಣಿ ಕಡೆಯ ಹೈಸ್ಕೂಲ್ ಟೀಚರ್. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಸಮಾಜ ವಿಜ್ಞಾನ ಪಾಠ ಮಾಡಿದ್ದೇನೆ. ಈಚಿನ ವರ್ಷಗಳಲ್ಲಿ ಪೋಷಕರ ಸಭೆ, ಸ್ತ್ರೀಶಕ್ತಿ ಸಂಘ, ಯುವಕರ ಗುಂಪು, ಎಲ್ಲಿ ಕರೆದರೂ ಒಂದೇ ವಿಷಯ ಮಾತಾಡುತ್ತಾ ಬಂದಿದ್ದೇನೆ. ನಾವು ಇನ್ನೊಬ್ಬರ ಬಗ್ಗೆ ಆಡುವ ಮಾತು ಏನೇನು ಮಾಡುತ್ತದೆ ಎನ್ನುವುದೇ ಆ ವಿಷಯ. ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ. ಅವು ನನ್ನನ್ನೇ ಜಾಸ್ತಿ ಕಾಡಿದ ಪ್ರಶ್ನೆಗಳು.

ಬರೀ ಮಾತಲ್ವಾ ಮೇಡಂ? ಹೊಡೆದರೆ ತಾನೇ ತಪ್ಪು?

ಎಲ್ಲಿಗೆ ಹೋದರೂ ಮೊದಲು ಬರುವ ಪ್ರಶ್ನೆ ಇದು. ಕೇಳುವವರು ಕೆಟ್ಟವರಲ್ಲ. ಮಾತು ಗಾಳಿಯಲ್ಲಿ ಹೋಗುತ್ತದೆ, ಏಟು ಮೈಮೇಲೆ ಉಳಿಯುತ್ತದೆ ಎಂದು ನಂಬಿದವರು.

1975ರಲ್ಲಿ ಅಮೆರಿಕದ ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು, ಅವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರನ್ನು ಕೂರಿಸಿ, ಇನ್ನೊಂದು ಕೋಣೆಯಲ್ಲಿರುವ ಗುಂಪು ತಪ್ಪು ಮಾಡಿದಾಗಲೆಲ್ಲ ಕರೆಂಟ್ ಶಾಕ್ ಕೊಡಿ ಎಂದರು. ಎಷ್ಟು ಜೋರಾಗಿ ಕೊಡಬೇಕು ಎನ್ನುವುದು ಹುಡುಗರಿಗೇ ಬಿಟ್ಟದ್ದು. ನಿಜವಾಗಿ ಯಾರಿಗೂ ಶಾಕ್ ಹೊಡೆಯುತ್ತಿರಲಿಲ್ಲ, ಅದು ಹುಡುಗರಿಗೆ ಗೊತ್ತಿರಲಿಲ್ಲ. ಶುರುವಾಗುವ ಮುಂಚೆ ಪ್ರಯೋಗದವರು ತಮ್ಮತಮ್ಮಲ್ಲೇ ಮಾತಾಡಿಕೊಂಡಂತೆ ಒಂದು ಮಾತು ಇವರ ಕಿವಿಗೆ ಬಿತ್ತು. ಕೆಲವರಿಗೆ, ಆ ಗುಂಪಿನವರು ಒಳ್ಳೆಯವರು, ತಿಳಿವಳಿಕೆ ಇರುವವರು ಎಂದು ಕೇಳಿಸಿತು. ಕೆಲವರಿಗೆ, ಅವರು ಪ್ರಾಣಿಗಳ ಥರ, ಕೊಳಕು ಜನ ಎಂದು ಕೇಳಿಸಿತು. ಉಳಿದವರಿಗೆ ಏನೂ ಕೇಳಿಸಲಿಲ್ಲ. ಪ್ರಾಣಿಗಳು ಎಂಬ ಮಾತು ಕಿವಿಗೆ ಬಿದ್ದ ಹುಡುಗರು ಎಲ್ಲರಿಗಿಂತ ಜೋರು ಶಾಕ್ ಕೊಟ್ಟರು.

ಇದರಲ್ಲಿ ನನ್ನ ನಿದ್ದೆ ಕೆಡಿಸಿದ ಸಂಗತಿ ಒಂದಿದೆ. ಆ ಹುಡುಗರು ಯಾರನ್ನೂ ಬೈದವರಲ್ಲ. ಸುಮ್ನೆ ಕೇಳಿಸಿಕೊಂಡವರು. ಅವರ ಕೈಗೆ ಇದ್ದ ತಡೆ ಬೇರೆಯವರ ಒಂದೇ ಒಂದು ಮಾತಿನಿಂದ ಸಡಿಲವಾಯಿತು. ಹಗೆಯ ಮಾತು ಎಂದಾಗ ನಾವು ಆಡಿದವನನ್ನು ನೋಡುತ್ತೇವೆ, ಬೈಸಿಕೊಂಡವನನ್ನು ನೋಡುತ್ತೇವೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನನ್ನು ನೋಡುವುದೇ ಇಲ್ಲ. ನಾಳೆ ಕೈ ಎತ್ತುವವನು ಅವನೇ ಇರಬಹುದು.

ಬೈಗುಳ ಯಾವ ಊರಲ್ಲಿ ಇಲ್ಲ? ಎಲ್ಲ ಬೈಗುಳವೂ ಅಪಾಯವಾ?

ಇಲ್ಲ. ಬದು ಒತ್ತರಿಸಿದ ಎಂದು ಪಕ್ಕದ ಹೊಲದವನಿಗೆ ಬಾಯಿಗೆ ಬಂದಂತೆ ಬೈದರೆ ಅದು ಇಬ್ಬರ ಜಗಳ. ನಾಲ್ಕು ದಿನಕ್ಕೆ ಇಳಿದರೂ ಇಳಿಯಬಹುದು. ಆದರೆ "ಆ ಜನವೇ ಹಂಗೆ" ಎಂದ ಕ್ಷಣ ಅದರ ದಾರಿಯೇ ಬೇರೆಯಾಗುತ್ತದೆ. ತಪ್ಪು ಒಬ್ಬನದು ಆಗಿರುವುದಿಲ್ಲ, ಅವನ ಜಾತಿಯದು, ಧರ್ಮದ್ದು, ಭಾಷೆಯದು ಆಗುತ್ತದೆ.

ಸೂಸನ್ ಬೆನೆಶ್ ಎಂಬ ಸಂಶೋಧಕಿ ಅಪಾಯದ ಮಾತನ್ನು ಗುರುತಿಸಲು ಐದು ವಿಷಯ ನೋಡಬೇಕು ಎನ್ನುತ್ತಾರೆ. ಏನು ಹೇಳಿದರು, ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವುದರ ಮೂಲಕ ಹೇಳಿದರು, ಆಗ ಊರಿನ ಪರಿಸ್ಥಿತಿ ಹೇಗಿತ್ತು. ನಮ್ಮ ಕಡೆಗೆ ಇದನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಕುಡಿದವನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಕೂಗಿದ ಮಾತಿಗೂ, ಊರ ಯಜಮಾನ ಜಾತ್ರೆಯ ಹಿಂದಿನ ದಿನ ಹತ್ತು ಜನ ಹುಡುಗರ ಮುಂದೆ ಮೆಲ್ಲಗೆ ಆಡಿದ ಮಾತಿಗೂ ವ್ಯತ್ಯಾಸ ಇದೆ. ಮಾತು ಒಂದೇ ಇದ್ದರೂ ತೂಕ ಬೇರೆ. ಮೆಲ್ಲಗೆ ಆಡಿದ್ದೇ ಜಾಸ್ತಿ ಅಪಾಯ.

ಎರಡು ಗುರುತು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಒಂದು, ಮನುಷ್ಯರನ್ನು ಹುಳ, ಹಾವು, ಕೊಳೆ, ರೋಗ ಎಂದು ಕರೆಯುವುದು. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಒಂದು ರೇಡಿಯೋ ಸ್ಟೇಷನ್ ಅಲ್ಲಿನ ಟುಟ್ಸಿ ಎಂಬ ಸಮುದಾಯದ ಜನರನ್ನು ಜಿರಳೆಗಳು ಎಂದು ಕರೆಯುತ್ತಿತ್ತು. ಸುಮಾರು 100 ದಿನಗಳಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆ ರೇಡಿಯೋ ಹಿಂದೆ ಇದ್ದವರನ್ನು 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅಪರಾಧಿಗಳು ಎಂದು ತೀರ್ಪು ಕೊಟ್ಟಿತು. ಎರಡನೆಯ ಗುರುತು, "ನಾವು ಸುಮ್ಮನಿದ್ದರೆ ಅವರೇ ನಮ್ಮನ್ನು ಮುಗಿಸುತ್ತಾರೆ" ಎಂಬ ಮಾತು. ತಾನು ಮಾಡಬೇಕೆಂದಿರುವುದನ್ನು ಎದುರಿನವರ ತಲೆಗೆ ಕಟ್ಟುವುದು ಇದು. ಇದನ್ನು ಕೇಳಿದವನಿಗೆ ಹೊಡೆಯುವುದು ತಪ್ಪು ಎನಿಸುವುದಿಲ್ಲ, ಆತ್ಮರಕ್ಷಣೆ ಎನಿಸುತ್ತದೆ.

ಮಕ್ಕಳಲ್ಲಿ ಈ "ನಮ್ಮವರು, ಅವರು" ಎಲ್ಲಿಂದ ಬರುತ್ತೆ? ನಾವಂತೂ ಹೇಳಿಕೊಟ್ಟಿಲ್ಲ.

ಹೇಳಿಕೊಡುವುದೇ ಬೇಡ. ಹೆನ್ರಿ ತಾಜ್ಫೆಲ್ ಎಂಬುವರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14, 15 ವರ್ಷದ ಶಾಲಾ ಹುಡುಗರಿಗೆ ಪರದೆ ಮೇಲಿನ ಚುಕ್ಕಿ ಎಷ್ಟಿವೆ ಎಂದು ಅಂದಾಜು ಮಾಡಲು ಹೇಳಿದರು. ಆಮೇಲೆ, ನೀವು ಜಾಸ್ತಿ ಅಂದಾಜು ಮಾಡುವ ಗುಂಪು, ನೀವು ಕಡಿಮೆ ಅಂದಾಜು ಮಾಡುವ ಗುಂಪು ಎಂದು ಭಾಗ ಮಾಡಿದರು. ಅಷ್ಟೇ. ಗುಂಪಿನಲ್ಲಿ ಯಾರಿದ್ದಾರೆ ಎಂದು ಕೂಡ ಗೊತ್ತಿಲ್ಲ. ಆದರೂ ದುಡ್ಡು ಹಂಚಲು ಹೇಳಿದಾಗ ತಮ್ಮ ಗುಂಪಿನವರಿಗೆ ಜಾಸ್ತಿ ಹಾಕಿದರು. ತಮ್ಮವರಿಗೆ ಸ್ವಲ್ಪ ಕಮ್ಮಿಯಾದರೂ ಸರಿ, ಎದುರಿನವರಿಗಿಂತ ಮುಂದಿರಬೇಕು ಎಂಬ ಆಸೆಯೂ ಅವರ ಹಂಚಿಕೆಯಲ್ಲಿ ಕಂಡಿತು.

ಸ್ಪೋರ್ಟ್ಸ್ ಡೇ ದಿನ ನಾನು ಇದನ್ನು ಪ್ರತಿ ವರ್ಷ ನೋಡುತ್ತೇನೆ. ಬೆಳಿಗ್ಗೆ ಚೀಟಿ ಎತ್ತಿ ಕೆಂಪು ಹೌಸ್, ನೀಲಿ ಹೌಸ್ ಎಂದು ಮಾಡಿದರೆ, ಮಧ್ಯಾಹ್ನದ ಹೊತ್ತಿಗೆ ಒಂದೇ ಬೆಂಚಿನ ಗೆಳತಿಯರು ಮಾತು ಬಿಟ್ಟಿರುತ್ತಾರೆ. ಚೀಟಿಗೇ ಇಷ್ಟು. ಹುಟ್ಟಿದಾಗಿನಿಂದ ಕಿವಿಗೆ ಬೀಳುವ ಜಾತಿ, ಧರ್ಮದ ಹೆಸರಿಗೆ ಎಷ್ಟಿರಬೇಡ? ಗುಂಪು ಮಾಡಿಕೊಳ್ಳುವುದು ಮನುಷ್ಯನ ಸ್ವಭಾವ, ಅದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಎದುರಿನ ಗುಂಪಿಗೆ ಏನೆಂದು ಹೆಸರಿಡುತ್ತೇವೆ ಎನ್ನುವುದು ಸ್ವಭಾವವಲ್ಲ. ಅದನ್ನು ಮನೆಯಲ್ಲಿ, ಬೀದಿಯಲ್ಲಿ ಕಲಿಯುತ್ತಾರೆ.

ನಮ್ಮ ಕಡೆ ಜಾತಿ ಹೆಸರೇ ಬೈಗುಳ ಆಗಿಬಿಟ್ಟಿದೆ. ಅಭ್ಯಾಸಬಲದಿಂದ ಬರುತ್ತೆ, ಮನಸ್ಸಲ್ಲಿ ಏನೂ ಇರಲ್ಲ. ಅದೂ ತಪ್ಪಾ?

ತಪ್ಪು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಕೊಳಕಾಗಿ ಬಂದ ಮಗುವಿಗೆ, ಜೋರಾಗಿ ಮಾತಾಡಿದ ಹುಡುಗಿಗೆ, ತಟ್ಟೆ ಸರಿಯಾಗಿ ತೊಳೆಯದವರಿಗೆ ಒಂದು ಜಾತಿಯ ಹೆಸರು ಹಿಡಿದು ಬೈಯುತ್ತೇವೆ. ಬೈದವರ ಮನಸ್ಸಲ್ಲಿ ಏನೂ ಇಲ್ಲದೆ ಇರಬಹುದು. ಆದರೆ ಅದೇ ಕ್ಲಾಸಿನಲ್ಲಿ ಆ ಜಾತಿಯ ಮಗು ಕೂತಿರುತ್ತದೆ. ತನ್ನ ಹೆಸರೇ ಕೊಳಕಿನ ಇನ್ನೊಂದು ಹೆಸರು ಎಂದು ಅದು ಏಳೆಂಟು ವರ್ಷಕ್ಕೇ ಕಲಿಯುತ್ತದೆ. ಪಕ್ಕದ ಮಗುವೂ ಅದನ್ನೇ ಕಲಿಯುತ್ತದೆ.

ಅಭ್ಯಾಸ ಆಗಿದೆ ಎನ್ನುವುದು ಸಮಾಧಾನದ ಮಾತಲ್ಲ, ಭಯಪಡಬೇಕಾದ ಮಾತು. ಪೋಲೆಂಡಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಹಗೆಯ ಮಾತನ್ನು ಪದೇ ಪದೇ ಕೇಳಿದವರಿಗೆ ಅದು ಅಷ್ಟೇನೂ ಕೆಟ್ಟದ್ದು ಎನಿಸದೆ ಹೋಗುತ್ತದೆ, ಆ ಗುಂಪಿನ ಮೇಲಿನ ತಾತ್ಸಾರವೂ ಹೆಚ್ಚುತ್ತದೆ. ಬರಿಗಾಲಲ್ಲಿ ನಡೆದು ಪಾದ ದಡ್ಡುಗಟ್ಟಿದ ಹಾಗೆ ಕಿವಿ ದಡ್ಡುಗಟ್ಟುತ್ತದೆ.

ಮಾತಿನ ಹಿಂದಿನ ನಂಬಿಕೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಉತ್ಸವದ ಕೋಲು ಮುಟ್ಟಿದ ಎಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಆಮೇಲೆ ಪೊಲೀಸ್ ಕೇಸ್ ಆಯಿತು. ಒಬ್ಬ ಶಾಲೆ ಹುಡುಗ ಒಂದು ಕೋಲು ಮುಟ್ಟಿದ, ಅಷ್ಟೇ ನಡೆದದ್ದು. ಅದನ್ನು ಅಪರಾಧ ಮಾಡಿದ್ದು "ಮೈಲಿಗೆ" ಎಂಬ ಮೂರಕ್ಷರ. ಆ ಪದವನ್ನು ನಾವು ಅಡುಗೆಮನೆಯಲ್ಲಿ ದಿನಾ ಎಷ್ಟು ಸಲೀಸಾಗಿ ಆಡುತ್ತೇವೆ ಎಂದು ಒಂದು ದಿನ ಎಣಿಸಿ ನೋಡಿ.

ಕಂಬಾಲಪಲ್ಲಿ ಆಗಿ ಇಷ್ಟು ವರ್ಷ ಆಯ್ತು. ಅದನ್ನ ಈಗ ಯಾಕೆ ಎತ್ತುತ್ತೀರಿ?

ನಮ್ಮ ತಾಲ್ಲೂಕಿನಲ್ಲೇ ಆಗಿದ್ದು, ಅದಕ್ಕೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. ಆಗ ಇದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟ್ ಕೂಡ ಆ ತೀರ್ಪನ್ನೇ ಎತ್ತಿಹಿಡಿಯಿತು. ನನ್ನ ಕ್ಲಾಸಿನ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಆ ಊರಿನ ಹೆಸರೇ ಕೇಳಿಲ್ಲ.

ಒಂದು ಬೈಗುಳದಿಂದ ಅಷ್ಟೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ವರ್ಷಗಳಿಂದ ಹೊಗೆಯಾಡುತ್ತಿದ್ದ ಹಗೆತನ ಇತ್ತು. ಆದರೆ ಯಾವ ಊರೂ ಒಂದೇ ದಿನದಲ್ಲಿ ಅಲ್ಲಿಗೆ ತಲುಪುವುದಿಲ್ಲ. ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಇದರ ಮೆಟ್ಟಿಲುಗಳನ್ನು ಬರೆದಿಟ್ಟರು. ಮೊದಲು ಬೆನ್ನ ಹಿಂದೆ ಕೆಟ್ಟ ಮಾತು. ಆಮೇಲೆ ದೂರ ಇಡುವುದು. ಆಮೇಲೆ ನೀರು, ಕೆಲಸ, ಜಾಗದಲ್ಲಿ ಭೇದ. ಆಮೇಲೆ ಹೊಡೆತ. ಕೊನೆಗೆ ಸಾವು. ಪ್ರತಿ ಮೆಟ್ಟಿಲು ಮುಂದಿನದಕ್ಕೆ ದಾರಿ ಸುಲಭ ಮಾಡುತ್ತದೆ. ಎಲ್ಲ ಕೆಟ್ಟ ಮಾತೂ ಕೊಲೆಯಲ್ಲಿ ಮುಗಿಯುವುದಿಲ್ಲ, ನಿಜ. ಆದರೆ ಮೊದಲ ಮೆಟ್ಟಿಲಲ್ಲಿ ತಡೆಯಲು ಒಬ್ಬ ಅಣ್ಣನೋ ಅಕ್ಕನೋ ಸಾಕು. ನಾಲ್ಕನೆಯದರಲ್ಲಿ ಪೊಲೀಸ್ ವ್ಯಾನ್ ಬಂದರೂ ಸಾಲುವುದಿಲ್ಲ.

ಮಕ್ಕಳ ಕಳ್ಳರು ಬಂದಿದ್ದಾರೆ ಅಂತ 2018ರಲ್ಲಿ ಎಲ್ಲರೂ ನಂಬಿದ್ವಿ. ನಾವೇನು ಮೂರ್ಖರಾ?

ಮೂರ್ಖರಲ್ಲ. ಹೆದರಿದ್ದೆವು. ನಾನೂ ಹೆದರಿದ್ದೆ. ಅಪರಿಚಿತರು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದೆ.

ಆ ವರ್ಷ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ಅವರ ಜೊತೆಯವರು ಮಾಡಿದ್ದ ತಪ್ಪು ಏನು? ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಇಬ್ಬರೂ ಮಕ್ಕಳ ಕಳ್ಳರಲ್ಲ.

ಗಾಳಿಮಾತು ಹೇಗೆ ಬೆಳೆಯುತ್ತದೆ ಎನ್ನುವುದಕ್ಕೆ 1947ರಲ್ಲಿ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಒಂದು ಸರಳ ಲೆಕ್ಕ ಕೊಟ್ಟರು. ವಿಷಯ ನಮಗೆ ಎಷ್ಟು ಮುಖ್ಯವೋ, ಅದರ ಬಗ್ಗೆ ಖಚಿತ ಮಾಹಿತಿ ಎಷ್ಟು ಕಮ್ಮಿಯೋ, ಗಾಳಿಮಾತಿಗೆ ಅಷ್ಟು ಬಲ. ಮಕ್ಕಳಿಗಿಂತ ಮುಖ್ಯ ಯಾರಿಗೆ ಏನಿದೆ? ಅದಕ್ಕೇ ಆ ಸುದ್ದಿ ಕಿಚ್ಚಿನಂತೆ ಹರಡಿತು.

ಇದಕ್ಕಿಂತ ಹಳೆಯ ಅಧ್ಯಯನ ನಮ್ಮ ದೇಶದ್ದೇ ಇದೆ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಆಗ ಹರಡಿದ ವದಂತಿಗಳನ್ನು ಕೂಡಿಹಾಕಿದರು. ಭೂಮಿ ನಡುಗಿದರೂ ಮನೆ ಬೀಳದ ಕಡೆಗಳಲ್ಲಿ, ಇನ್ನೂ ದೊಡ್ಡ ಗಂಡಾಂತರ ಬರುತ್ತದೆ ಎಂಬ ವದಂತಿ ಹಬ್ಬಿತ್ತು. ಕಣ್ಣೆದುರು ಹಾನಿ ಇಲ್ಲ, ಆದರೂ ಜನ ಯಾಕೆ ಇನ್ನಷ್ಟು ಭಯದ ಸುದ್ದಿ ಹುಡುಕಿದರು? ಆಮೇಲೆ ಲಿಯಾನ್ ಫೆಸ್ಟಿಂಗರ್ ಎಂಬುವರು ಇದಕ್ಕೆ ಉತ್ತರ ಕೊಟ್ಟರು. ಎದೆಯಲ್ಲಿ ಭಯ ಮೊದಲೇ ಕೂತಿದೆ, ಅದಕ್ಕೊಂದು ಕಾರಣ ಬೇಕು, ವದಂತಿ ಆ ಕಾರಣ ಒದಗಿಸಿತು. ಓದಿದಾಗ ನನಗೆ ನಮ್ಮದೇ ಬೀದಿ ನೆನಪಾಯಿತು. ಬೋರ್‌ವೆಲ್ ಬತ್ತಿ, ಟೊಮೆಟೊ ಬೆಲೆ ಬಿದ್ದು, ಹುಡುಗರು ಕೆಲಸವಿಲ್ಲದೆ ಕೂತ ಊರಿನಲ್ಲಿ ಭಯ ಮೊದಲೇ ಇರುತ್ತದೆ. ಯಾರೋ ಬಂದು ಅದಕ್ಕೊಂದು ಮುಖ ತೋರಿಸಿದರೆ ಸಾಕು. ಆ ಮುಖ ಯಾವಾಗಲೂ ಹೊರಗಿನವನದು, ಬಡವನದು, ಬೇರೆ ಭಾಷೆಯವನದು.

ಇನ್ನೊಂದು ಕಾರಣ, ಒಂದೇ ಮಾತನ್ನು ಹಲವು ಸಲ ಕೇಳಿದರೆ ಅದು ನಿಜ ಎನಿಸತೊಡಗುತ್ತದೆ. 1977ರಿಂದ ಇದನ್ನು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಒಂದೇ ವಿಡಿಯೋ ಸಂಘದ ಗುಂಪಿನಲ್ಲಿ, ನೆಂಟರ ಗುಂಪಿನಲ್ಲಿ, ಹಾಲಿನ ಡೈರಿ ಗುಂಪಿನಲ್ಲಿ ಬಂದರೆ ನಮಗೆ ಮೂರು ಜನ ಸಾಕ್ಷಿ ಹೇಳಿದಂತೆ ಅನಿಸುತ್ತದೆ. ನಿಜವಾಗಿ ಅದು ಒಂದೇ ಸುಳ್ಳು ಮೂರು ಬಾಗಿಲಿನಿಂದ ಒಳಗೆ ಬಂದದ್ದು. 2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ 5 ಕಡೆ ಮಾತ್ರ ಕಳಿಸಬಹುದು ಎಂದು ಮಾಡಿದ್ದು ಈ ಸಾವುಗಳಾದ ಮೇಲೆ.

ಹಾಗಾದರೆ ಫಾರ್ವರ್ಡ್ ಮಾಡೋ ಮುಂಚೆ ಏನು ನೋಡಬೇಕು?

ನಿಮ್ಮ ಮೈ ನೋಡಿಕೊಳ್ಳಿ. ಓದಿದ ಕೂಡಲೇ ರಕ್ತ ಬಿಸಿಯಾಯಿತಾ, ಕೈ ತಾನಾಗಿ ಬಟನ್ ಕಡೆ ಹೋಯಿತಾ? ಹಾಗಿದ್ದರೆ ಅದನ್ನು ಬರೆದವನಿಗೆ ಬೇಕಾದದ್ದು ಅದೇ. ಫೋನ್ ಕೆಳಗಿಟ್ಟು ಒಂದು ಲೋಟ ನೀರು ಕುಡಿಯಿರಿ. ಊರು, ತಾರೀಕು, ಹೇಳಿದವರ ಹೆಸರು ಮೂರೂ ಇಲ್ಲದಿದ್ದರೆ ಅಲ್ಲೇ ಬಿಡಿ. ಪಕ್ಕದ ಊರಿನದು ಎಂದಿದ್ದರೆ ಆ ಊರಿನ ನೆಂಟರಿಗೆ ಒಂದು ಫೋನ್ ಮಾಡಿ. ಎರಡು ನಿಮಿಷದ ಕೆಲಸ.

ಸಿಟ್ಟು ಒಳಗೇ ಇಟ್ಟುಕೊಂಡ್ರೆ ಬಿಪಿ ಬರುತ್ತಂತೆ. ಬೈದು ಹಗುರ ಮಾಡಿಕೊಳ್ಳೋದು ಒಳ್ಳೇದಲ್ವಾ?

ಹಗುರ ಆಗುವುದಿಲ್ಲ. 2002ರಲ್ಲಿ ಬ್ರಾಡ್ ಬುಶ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನೇ ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರ ಸಿಟ್ಟು ಜಾಸ್ತಿ ಆಯಿತು. ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕೂತವರದ್ದೇ ವಾಸಿ. ಬೈಯುತ್ತಾ ಹೋದರೂ ಅದೇ ಆಗುತ್ತದೆ. ಒಲೆಗೆ ಪುಳ್ಳೆ ಹಾಕುತ್ತಾ ಬೆಂಕಿ ಆರಲಿ ಎಂದರೆ ಹೇಗೆ? ಸಿಟ್ಟನ್ನು ನುಂಗಿ ಎಂದು ನಾನು ಹೇಳುತ್ತಿಲ್ಲ. ಆದದ್ದನ್ನು ಹೇಳಿ. "ನನ್ನ ಪೈಪ್ ನೀನು ಕಿತ್ತಿದ್ದೀಯ, ನನಗೆ ನಷ್ಟ ಆಗಿದೆ" ಎನ್ನಿ. ಅವನ ಅಪ್ಪ, ಅಮ್ಮ, ಜಾತಿ ಯಾವುದನ್ನೂ ಎಳೆಯಬೇಡಿ.

ಹತ್ತು ಜನ ನಗ್ತಾ ಇರೋವಾಗ ನಾನೊಬ್ಬಳು ಏನು ಮಾಡೋಕಾಗುತ್ತೆ?

ಈ ಪ್ರಶ್ನೆ ಕೇಳಿದವಳು ಕಾಲೇಜು ಹುಡುಗಿ. ಅವಳಿಗೆ ಅಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ, ಅದಕ್ಕೆ ಇಲ್ಲಿ ಕೊಡುತ್ತೇನೆ.

ಸಾಲಮನ್ ಆಶ್ ಎಂಬುವರು 1951ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದರಷ್ಟೇ ಉದ್ದ ಎಂದು ಹೇಳಬೇಕು. ಮಗು ಕೂಡ ಹೇಳುವಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಕೊನೆಯಲ್ಲಿ ಕೂತ ಪಾಪದವನು, ಕಣ್ಣಿಗೆ ಸರಿಯಾಗಿ ಕಾಣುತ್ತಿದ್ದರೂ, ಮೂರರಲ್ಲಿ ಒಂದು ಸಲದಷ್ಟು ಅವರ ಜೊತೆ ತಪ್ಪನ್ನೇ ಹೇಳಿದ. ಆಮೇಲೆ ಆಶ್ ಒಂದು ಬದಲಾವಣೆ ಮಾಡಿದರು. ಗುಂಪಿನಲ್ಲಿ ಒಬ್ಬನೇ ಒಬ್ಬನಿಗೆ ಸರಿ ಉತ್ತರ ಹೇಳಲು ಬಿಟ್ಟರು. ಅಷ್ಟಕ್ಕೇ ತಪ್ಪಿಗೆ ತಲೆಯಾಡಿಸುವುದು ಸುಮಾರು ಕಾಲುಭಾಗಕ್ಕೆ ಇಳಿಯಿತು.

ನಗುವ ಹತ್ತು ಜನರಲ್ಲಿ ಮೂರೋ ನಾಲ್ಕೋ ಜನ ನಿಮ್ಮ ಹಾಗೇ ಒಳಗೊಳಗೆ ಮುಜುಗರಪಡುತ್ತಾ ಇರಬಹುದು. ಅವರು ನಿಮ್ಮನ್ನು ನೋಡಿ ಸುಮ್ಮನಿದ್ದಾರೆ, ನೀವು ಅವರನ್ನು ನೋಡಿ ಸುಮ್ಮನಿದ್ದೀರಿ. ಇಷ್ಟೂ ಜನರ ಮೌನವನ್ನು ಬೈದವನು ಒಪ್ಪಿಗೆ ಎಂದು ಎಣಿಸಿಕೊಳ್ಳುತ್ತಾನೆ. ನೀವು ಬಾಯಿ ಬಿಟ್ಟರೆ ಅವನು ಬದಲಾಗುತ್ತಾನೆ ಎಂದಲ್ಲ. ಉಳಿದ ಮೂವರಿಗೆ ತಾವು ಒಂಟಿ ಅಲ್ಲ ಎಂದು ಗೊತ್ತಾಗುತ್ತದೆ. ನಿಮ್ಮ ಮಾತು ಅವರಿಗಾಗಿ.

ಭಾಷಣ ಬೇಡ. "ಆ ಮಾತು ಬ್ಯಾಡ ಬಿಡಣ್ಣ." "ಯಾರು ನೋಡಿದ್ರು ಇದನ್ನ?" "ನಮ್ಮ ಪಕ್ಕದ ಮನೆಯವರೂ ಅವರೇ ಅಲ್ವಾ, ಅವರು ಹಂಗಿಲ್ಲ." ಇಷ್ಟು ಸಾಕು. ದೊಡ್ಡವರು ಇದ್ದಾಗ ನೇರ ಹೇಳಲಾಗದಿದ್ದರೆ ಕನಿಷ್ಠ ನಗಬೇಡಿ. ಎದ್ದು ಹೋಗಿ. ಆಮೇಲೆ ಬೈಸಿಕೊಂಡವರ ಹತ್ತಿರ ಹೋಗಿ ನಾಲ್ಕು ಮಾತಾಡಿ. ಬೈದವನು ಕುಡಿದಿದ್ದರೆ, ಕೈಯಲ್ಲಿ ಏನಾದರೂ ಹಿಡಿದಿದ್ದರೆ, ಗುಂಪು ಕಟ್ಟಿದ್ದರೆ ಎದುರು ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ.

ನಾನು ಸುಮ್ಮನಿದ್ದ ಒಂದು ದಿನ ನನಗೆ ಮರೆತಿಲ್ಲ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಒಂದು ಸಮುದಾಯದ ಮಕ್ಕಳ ಬಗ್ಗೆ, "ಇವರಿಗೆ ಓದು ಹತ್ತಲ್ಲ, ರಕ್ತದಲ್ಲೇ ಇಲ್ಲ" ಎಂದರು. ಎಲ್ಲರೂ ನಕ್ಕರು. ನಾನು ಪುಸ್ತಕ ತಿರುವುತ್ತಾ ಕೂತೆ. ಬಾಗಿಲ ಬಳಿ ಚಾಕ್‌ಪೀಸ್ ತೆಗೆದುಕೊಳ್ಳಲು ಬಂದ ಹುಡುಗಿ ನಿಂತಿದ್ದಳು. ಅವಳು ನೋಡಿದ್ದು ಆ ಮೇಷ್ಟ್ರನ್ನಲ್ಲ, ನನ್ನನ್ನು. ಮುಂದಿನ ವರ್ಷ ಅವಳು ಶಾಲೆ ಬಿಟ್ಟಳು. ಕಾರಣ ಬೇರೆ ಏನೇನೋ ಇರಬಹುದು. ಆ ನೋಟ ಮಾತ್ರ ಹಾಗೇ ಉಳಿದಿದೆ. ಈ ಕೆಲಸಕ್ಕೆ ನಾನು ಇಳಿದದ್ದು ಅದರಿಂದಲೇ.

ಅವರ ಹತ್ತಿರ ವ್ಯಾಪಾರ ಮಾಡಬೇಡಿ ಅನ್ನೋದು ಬರೀ ಅಭಿಪ್ರಾಯ ತಾನೇ?

ಆಲ್‌ಪೋರ್ಟರ ಮೆಟ್ಟಿಲಲ್ಲಿ ಅದು ಎರಡು, ಮೂರನೆಯದು. 2022ರ ಏಪ್ರಿಲ್‌ನಲ್ಲಿ ಮುಸ್ಲಿಂ ವ್ಯಾಪಾರಿಗಳಿಂದ ಮಾವು ಕೊಳ್ಳಬೇಡಿ ಎಂಬ ಕರೆ ರಾಜ್ಯದಲ್ಲಿ ಕೇಳಿಬಂತು. ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿ ನೋಡಿ. ಗಿಡದಲ್ಲಿ ಹೂವು, ಪಿಂದೆ ಇರುವಾಗಲೇ ಫಸಲು ಗುತ್ತಿಗೆ ಹಿಡಿದು ಮುಂಗಡ ಕೊಡುವವರಲ್ಲಿ ಮುಸ್ಲಿಮರು ಎಷ್ಟು ಜನ ಇದ್ದಾರೆ ಎಂದು ಅವರೇ ಹೇಳುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ. ಗೂಡು ತಂದವರಲ್ಲಿ ಹಿಂದೂ ರೈತರು ಜಾಸ್ತಿ, ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳಲ್ಲಿ ಮುಸ್ಲಿಮರು ಜಾಸ್ತಿ. ಇವರಿಲ್ಲದೆ ಅವರಿಲ್ಲ.

ಇಂಥ ಕರೆ ಕೊಡುವವರು ಮೊದಲು ಮಾಡುವುದು ಹೆಸರು ಅಳಿಸುವ ಕೆಲಸ. ನಿಮಗೆ ಹತ್ತು ವರ್ಷದಿಂದ ಗೊತ್ತಿರುವ, ಮಗಳ ಮದುವೆಗೆ ಕೈಸಾಲ ಕೊಟ್ಟ ಆ ಒಬ್ಬ ಮನುಷ್ಯ ಮಾಯವಾಗಿ "ಅವರು" ಉಳಿಯುತ್ತಾರೆ. ಗೊತ್ತಿರುವವನ ಮೇಲೆ ಹಗೆ ಹುಟ್ಟಿಸುವುದು ಕಷ್ಟ, "ಅವರ" ಮೇಲೆ ಸುಲಭ.

ಮಗನಿಗೆ ಶಾಲೆಯಲ್ಲಿ ಅಡ್ಡಹೆಸರು ಇಟ್ಟಿದ್ದಾರೆ. ಮಕ್ಕಳಾಟ ಅಂತ ಬಿಡಬಹುದಾ?

ಅವನೂ ನಗುತ್ತಿದ್ದರೆ ಆಟ. ಅವನು ಬೆಳಿಗ್ಗೆ ಹೊಟ್ಟೆನೋವು ಎನ್ನತೊಡಗಿದ್ದರೆ ಆಟವಲ್ಲ.

ನಮ್ಮ ಗಡಿ ಕಡೆ ಮನೆಮಾತು ತೆಲುಗು ಇರುವ ಮಕ್ಕಳು ಬಹಳ. ಉರ್ದು, ತಮಿಳು ಮಕ್ಕಳೂ ಇದ್ದಾರೆ. ಅವರ ಕನ್ನಡ ಉಚ್ಚಾರಣೆ ಅಣಕಿಸುವುದು ಶಾಲೆಗಳಲ್ಲಿ ಮಾಮೂಲಿ ಆಗಿದೆ. ಅದೇ ಮಕ್ಕಳು ಮುಂದೆ ಬೆಂಗಳೂರಿಗೆ ಹೋದಾಗ, "ಕೋಲಾರದವರಾ? ನಿಮ್ಮದು ಕನ್ನಡವಾ ತೆಲುಗಾ?" ಎಂದು ಮತ್ತೆ ಕೇಳಿಸಿಕೊಳ್ಳುತ್ತಾರೆ. 2003ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಕಂಪ್ಯೂಟರಿನ ಚೆಂಡಾಟದಲ್ಲಿ ಉಳಿದಿಬ್ಬರು ಬೇಕಂತಲೇ ಚೆಂಡು ಕೊಡದೆ ಬಿಟ್ಟಾಗ, ಒಂಟಿಯಾದವರ ಮಿದುಳಿನಲ್ಲಿ ಮೈನೋವಿಗೆ ಸಂಬಂಧಪಟ್ಟ ಒಂದು ಭಾಗ ಚುರುಕಾಯಿತು. ಹಾಗಾಗಿ ಆ ಹೊಟ್ಟೆನೋವನ್ನು ಸುಳ್ಳು ಎನ್ನಬೇಡಿ.

ಮಗನಿಗೆ "ನೀನೂ ತಿರುಗಿಸಿ ಬೈ" ಎಂದು ಹೇಳಿಕೊಡಬೇಡಿ. ಕ್ಲಾಸ್ ಟೀಚರನ್ನು ಬೇರೆಯಾಗಿ ಕಂಡು, ಯಾವ ದಿನ ಯಾವ ಮಾತು ಎಂದು ಬರೆದುಕೊಂಡು ಹೋಗಿ ಹೇಳಿ. ಅವನ ಜೊತೆ ನಿಲ್ಲುವ ಒಬ್ಬ ಗೆಳೆಯ ಯಾರು ಎಂದು ಹುಡುಕಿ. ಮಗು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಕಾನೂನಿನಲ್ಲಿ ಏನಿದೆ?

ಧರ್ಮ, ಜಾತಿ, ಭಾಷೆ, ಹುಟ್ಟಿದ ಊರಿನ ಹೆಸರಲ್ಲಿ ಗುಂಪುಗಳ ನಡುವೆ ಹಗೆ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್. 3 ವರ್ಷದವರೆಗೆ ಜೈಲು, ಪೂಜೆಯ ಜಾಗದಲ್ಲಿ ಮಾಡಿದರೆ 5 ವರ್ಷದವರೆಗೆ. ಹಗೆ ಹುಟ್ಟಿಸುವ ಸುಳ್ಳು ಸುದ್ದಿ, ವದಂತಿಗೆ 353. ಈ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಿಂದ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಅದಕ್ಕೆ ಸೇರದವರು ಜನರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯಿದೆ ಅನ್ವಯಿಸುತ್ತದೆ. 6 ತಿಂಗಳಿಂದ 5 ವರ್ಷದವರೆಗೆ ಜೈಲು. "ಅಭ್ಯಾಸಬಲ" ಎಂದು ಹೇಳುವವರು ಇದನ್ನು ತಿಳಿದಿರಲಿ. ದೂರಿಗೆ 14566 ಸಹಾಯವಾಣಿ ಇದೆ. ಯಾರು ಇದ್ದರು, ಎಷ್ಟು ಹೊತ್ತಿಗೆ, ಏನೆಂದರು ಎಂದು ಅವತ್ತೇ ಬರೆದಿಡಿ. ಫೋನಿನಲ್ಲಿ ಬಂದದ್ದನ್ನು ಅಳಿಸಬೇಡಿ.

ಹಾಗಾದರೆ ಯಾರನ್ನೂ ಟೀಕೆ ಮಾಡೋ ಹಾಗೇ ಇಲ್ವಾ?

ಧಾರಾಳವಾಗಿ ಮಾಡಿ. ಶಾಸಕರನ್ನು, ಮಠವನ್ನು, ಮಸೀದಿ ಕಮಿಟಿಯನ್ನು, ನಮ್ಮ ಶಾಲೆಯನ್ನೂ ಟೀಕಿಸಿ. 2015ರಲ್ಲಿ ಸುಪ್ರೀಂ ಕೋರ್ಟ್ ಮೂರು ಬಗೆ ಬೇರೆ ಮಾಡಿ ಹೇಳಿತು: ಚರ್ಚೆ ಮಾಡುವುದು, ಒಂದು ವಾದವನ್ನು ಎತ್ತಿಹಿಡಿಯುವುದು, ಪ್ರಚೋದಿಸುವುದು. ಮೊದಲೆರಡು ಎಷ್ಟೇ ಕಹಿಯಾದರೂ ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತವೆ. "ಪಂಚಾಯ್ತಿಯವರು ನೀರು ಬಿಡುತ್ತಿಲ್ಲ" ಎನ್ನುವುದು ಟೀಕೆ. "ಆ ಕೇರಿಯವರಿಗೆ ನೀರು ಯಾಕೆ, ತೊಳೆದರೂ ಹೋಗದ ಕೊಳೆ" ಎನ್ನುವುದು ಟೀಕೆಯಲ್ಲ.

ಜಗಳ ಆಗಿಹೋಗಿದೆ. ಎರಡು ಕೇರಿಯವರಿಗೂ ಮಾತಿಲ್ಲ. ಶಾಂತಿ ಸಭೆ ಮಾಡಿದರೂ ಪ್ರಯೋಜನ ಆಗಲಿಲ್ಲ. ಇನ್ನೇನು ಮಾಡೋದು?

1954ರಲ್ಲಿ ಮುಜಾಫರ್ ಶೆರೀಫ್ ಎಂಬುವರು ಅಮೆರಿಕದ ಒಂದು ಬೇಸಿಗೆ ಶಿಬಿರದಲ್ಲಿ ಹನ್ನೊಂದರ ವಯಸ್ಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯ ಕಟ್ಟಿದರು. ಮೊದಲು ಅಡ್ಡಹೆಸರು ಕೂಗುವುದು ಶುರುವಾಯಿತು. ಆಮೇಲೆ ಬಾವುಟ ಸುಟ್ಟರು, ಕೋಣೆಗೆ ನುಗ್ಗಿದರು. ಸರಿಮಾಡಲು ಇಬ್ಬರಿಗೂ ಒಟ್ಟಿಗೆ ಊಟ ಹಾಕಿದರೆ ಊಟವನ್ನೇ ಎಸೆದಾಡಿದರು. ಒಟ್ಟಿಗೆ ಸಿನಿಮಾ ತೋರಿಸಿದರೂ ಆಗಲಿಲ್ಲ. ಕಾಫಿ, ಬಿಸ್ಕತ್ತಿನ ಶಾಂತಿ ಸಭೆ ಸೋಲುವುದು ಇದಕ್ಕೇ. ಆಮೇಲೆ ಶಿಬಿರದ ನೀರು ನಿಂತಿತು. ಎರಡೂ ಗುಂಪು ಸೇರಿ ಪೈಪಿನ ಉದ್ದಕ್ಕೂ ಹುಡುಕಿ ಸರಿಮಾಡಬೇಕಾಯಿತು. ಊಟ ತರುವ ಲಾರಿ ನಿಂತುಹೋಯಿತು, ಹಗ್ಗಜಗ್ಗಾಟದಲ್ಲಿ ಎದುರುಬದುರು ಎಳೆದಿದ್ದ ಅದೇ ಹಗ್ಗ ಕಟ್ಟಿ ಇಬ್ಬರೂ ಒಂದೇ ಕಡೆಗೆ ಎಳೆದರು. ಒಂದು ಸಲಕ್ಕೆ ಆಗಲಿಲ್ಲ. ಇಂಥವು ಹಲವು ಸಲ ಆದ ಮೇಲೆ ಅಡ್ಡಹೆಸರು ನಿಂತವು.

ನೀರಿಗಾಗಿ ಒಟ್ಟಿಗೆ ಕೆಲಸ ಮಾಡಬೇಕು ಎಂದು ನಮ್ಮ ಜಿಲ್ಲೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆರೆ ಹೂಳು, ರಾಜಕಾಲುವೆಯ ಜಾಲಿ, ಶಾಲೆಯ ಸೋರುವ ಚಾವಣಿ, ಹುಡುಕಿದರೆ ಕೆಲಸಕ್ಕೆ ಬರವಿಲ್ಲ. ಆದರೆ ಒಂದು ಎಚ್ಚರ ಬೇಕು. ಒಂದು ಕೇರಿಯವರು ಗುದ್ದಲಿ ಹಿಡಿದು ಇನ್ನೊಂದು ಕೇರಿಯವರು ದಡದಲ್ಲಿ ನಿಂತು ಹೇಳಿ ಮಾಡಿಸಿದರೆ ಅದು ಹಳೆಯ ಕಥೆಯೇ. ಇಬ್ಬರ ಕೈಯಲ್ಲೂ ಗುದ್ದಲಿ ಇರಬೇಕು, ಒಂದೇ ಕೊಡದ ನೀರು ಇಬ್ಬರೂ ಕುಡಿಯಬೇಕು. ಅನ್ಯಾಯ ಆಗಿದ್ದರೆ ಕೇಸ್ ಅದರ ದಾರಿಯಲ್ಲಿ ನಡೆಯಲಿ, ರಾಜಿ ಹೆಸರಲ್ಲಿ ಅದನ್ನು ಮುಚ್ಚಬೇಡಿ.

ರುವಾಂಡಾದಲ್ಲಿ ನರಮೇಧ ಮುಗಿದು ಸುಮಾರು ಹತ್ತು ವರ್ಷಕ್ಕೆ ಎರಡು ಊರುಗಳ ಜಗಳ, ಗೆಳೆತನದ ರೇಡಿಯೋ ಧಾರಾವಾಹಿ ಶುರುವಾಯಿತು. ಬೆಟ್ಸಿ ಲೆವಿ ಪಾಲಕ್ ಎಂಬ ಸಂಶೋಧಕಿ ಒಂದು ವರ್ಷ ಅದನ್ನು ಕೇಳಿದವರನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಕೇಳುಗರ ಸ್ವಂತ ನಂಬಿಕೆ ಅಷ್ಟೇನೂ ಬದಲಾಗಿರಲಿಲ್ಲ. ಆದರೆ "ನಮ್ಮ ಊರಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ, ಏನು ಒಪ್ಪುತ್ತಾರೆ" ಎಂಬ ಅಂದಾಜು ಬದಲಾಗಿತ್ತು, ಭಿನ್ನಾಭಿಪ್ರಾಯವನ್ನು ಬಾಯಿಬಿಟ್ಟು ಹೇಳುವುದು ಜಾಸ್ತಿ ಆಗಿತ್ತು. ನನಗೆ ಇದು ಧೈರ್ಯ ಕೊಟ್ಟಿತು. ಎಲ್ಲರ ಮನಸ್ಸು ತಿದ್ದಿ ಮುಗಿಯುವವರೆಗೆ ಕಾಯಬೇಕಿಲ್ಲ ಅಲ್ವಾ?

ಹೋದ ಬೇಸಿಗೆಯಲ್ಲಿ ಒಂದು ಊರಿನ ಹುಡುಗರು ತಮ್ಮ ಕ್ರಿಕೆಟ್ ಟೀಮಿಗೆ ಒಂದೇ ನಿಯಮ ಮಾಡಿಕೊಂಡರು. ಜಾತಿ ಎತ್ತಿ ಬೈದವನು, ಅವನು ಎಷ್ಟೇ ಚೆನ್ನಾಗಿ ಆಡಲಿ, ಅವತ್ತು ಬೌಂಡರಿ ಗೆರೆಯಾಚೆ ಕೂರಬೇಕು. ಮೊದಲ ವಾರ ಅವರ ಓಪನಿಂಗ್ ಬೌಲರೇ ಕೂತ. ಆ ಮ್ಯಾಚ್ ಸೋತರು. ನಿಯಮ ತೆಗೆಯಲಿಲ್ಲ.